ಕೊಳಗದ ಅಳತೆ: ಎಲ್ ಸಾಲ್ವಡಾರಿನ ಚರಿತ್ರೆಯನ್ನು ಕಾಗೋಡಿನಿಂದ ಓದುವುದು

ಪ್ರತಿವರ್ಷ ಮಾರ್ಚ್ 24ರಂದು ಧರ್ಮಸಭೆಯು ಸಂತ ಆಸ್ಕರ್ ರೊಮೆರೋ ಅವರನ್ನು ಸ್ಮರಿಸುತ್ತದೆ. ಬಹುಮಟ್ಟಿಗೆ ಅದೇ ದಿನಗಳಲ್ಲಿ ನಾವು ತರಗತಿಯಲ್ಲಿ ಲ್ಯಾಟಿನ್ ಅಮೆರಿಕದ ಧರ್ಮಸಭೆಯ ಚರಿತ್ರೆಯನ್ನು ಪಾಠ ಮಾಡುತ್ತಿರುತ್ತೇವೆ. ಕೆಲವು ವರ್ಷಗಳ ಹಿಂದೆ ಎಲ್ ಸಾಲ್ವಡಾರಿನ ಜಮೀನ್ದಾರಿಯ ಸ್ವರೂಪವನ್ನು ವಿವರಿಸುತ್ತಿದ್ದಾಗ, ಸಾಗರ ಸೀಮೆಯಿಂದ ಬಂದ ಗುರುಅಭ್ಯರ್ಥಿಯೊಬ್ಬರು ಎದ್ದು ನಿಂತು, ‘ಇದು ನಮ್ಮ ಅಜ್ಜನ ಕಾಲದ ಗೇಣಿಯಂತೆಯೇ ಇದೆ. ಆದರೆ ನಮ್ಮಲ್ಲಿ ಇಂಥ ರಕ್ತಪಾತವಾಗಲಿಲ್ಲವಲ್ಲ, ಏಕೆ?’ ಎಂದು ಕೇಳಿದರು. ನಾವು ಉತ್ತರಕ್ಕೆ ತಡಕಾಡುತ್ತಿರುವಾಗಲೇ ಅವರ ಎರಡನೆಯ ಪ್ರಶ್ನೆ ಬಂದಿತು: ‘ಅಲ್ಲಿ ಧರ್ಮಸಭೆ ಬಡವರ ಜೊತೆ ನಿಂತಿತು ಎನ್ನುತ್ತೀರಿ. ಇಲ್ಲಿ ನಾವು ಎಲ್ಲಿದ್ದೆವು?’

ರೊಮೆರೋ ಅವರ ಬದುಕಿನ ತಾರೀಖುಗಳನ್ನೆಲ್ಲ ಬಾಯಿಪಾಠ ಮಾಡಿಸುವ ನಾವು ಕಾಗೋಡಿನ ಹೆಸರನ್ನು ಆ ತರಗತಿಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಈ ಲೇಖನವು ಆ ಎರಡು ಪ್ರಶ್ನೆಗಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ನೆಲ ಮತ್ತು ಒಡೆತನ

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಅತಿ ಚಿಕ್ಕ ರಾಷ್ಟ್ರ. ಅದರ ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರು, ಎಂದರೆ ನಮ್ಮ ಶಿವಮೊಗ್ಗದಂಥ ಎರಡೂವರೆ ಜಿಲ್ಲೆಗಳಷ್ಟು. ದೇಶದ ಹೆಸರಿನ ಅರ್ಥ ‘ರಕ್ಷಕ’. ಲೋಕರಕ್ಷಕನಾದ ಪ್ರಭು ಕ್ರಿಸ್ತನ ಹೆಸರನ್ನೇ ಹೊತ್ತ ಆ ನಾಡಿನಲ್ಲಿ ಭೂಮಿಯ ಹಂಚಿಕೆ ಶತಮಾನಗಳ ಕಾಲ ಘೋರ ಅನ್ಯಾಯದಿಂದ ಕೂಡಿತ್ತು.

1821ರಲ್ಲಿ ಮಧ್ಯ ಅಮೆರಿಕ ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಆದರೆ ಅಧಿಕಾರವು ಸ್ಪೇನಿನ ಅಧಿಕಾರಿಗಳಿಂದ ಅಲ್ಲಿಯೇ ಹುಟ್ಟಿ ಬೆಳೆದ ಸ್ಪಾನಿಷ್ ಮೂಲದ ಭೂಮಾಲೀಕರಿಗೆ ದಾಟಿತೇ ಹೊರತು ಮೂಲನಿವಾಸಿಗಳ ಸ್ಥಿತಿ ಬದಲಾಗಲಿಲ್ಲ. 1833ರಲ್ಲಿ ನೊನುವಾಲ್ಕೋ ಜನಾಂಗದ ಅನಸ್ತಾಸಿಯೋ ಅಕೀನೋ ಎಂಬ ನಾಯಕನು ದಂಗೆಯೆದ್ದನು. ಅದೇ ವರ್ಷ ಅವನನ್ನು ಸೆರೆಹಿಡಿದು ಕೊಲ್ಲಲಾಯಿತು. ಆ ಕಾಲದಲ್ಲಿ ನೀಲಿ ಬೆಳೆ ಪ್ರಧಾನವಾಗಿತ್ತು. ಅನಂತರ ಕಾಫಿ ಬಂದಿತು. ಕಾಫಿಗೆ ಯೋಗ್ಯವಾದ ಎತ್ತರದ ಇಳಿಜಾರುಗಳಲ್ಲಿ ಬಹುಪಾಲು ಮೂಲನಿವಾಸಿ ಹಳ್ಳಿಗಳ ಸಾಮುದಾಯಿಕ ಭೂಮಿಗಳಿದ್ದವು. 1881 ಮತ್ತು 1882ರ ಕಾನೂನುಗಳು ಆ ಸಾಮುದಾಯಿಕ ಒಡೆತನವನ್ನೇ ರದ್ದುಮಾಡಿದವು. ಊರಿನದಾಗಿದ್ದ ನೆಲ ಬರಬರುತ್ತಾ ಕೆಲವು ಮನೆತನಗಳ ತೋಟವಾಯಿತು. ಆ ಮನೆತನಗಳನ್ನು ಜನ ‘ಹದಿನಾಲ್ಕು ಕುಟುಂಬಗಳು’ ಎಂದು ಕರೆದರು. ನೆಲ ಕಳೆದುಕೊಂಡವರು ಅದೇ ನೆಲದಲ್ಲಿ ಕೂಲಿಗಳಾದರು.

ನಮ್ಮ ಮಲೆನಾಡಿನ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಇಂದಿನ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕನು ಭೂಮಿಯನ್ನು ಅಳೆಸಿ, ಫಲವತ್ತತೆಗೆ ಅನುಗುಣವಾಗಿ ವರ್ಗ ಮಾಡಿಸಿ, ಕಂದಾಯವನ್ನು ನಿಗದಿಗೊಳಿಸಿದನು. ‘ಶಿವಪ್ಪನಾಯಕನ ಶಿಸ್ತು’ ಎಂದು ಜನ ಇಂದಿಗೂ ನೆನೆಯುವುದು ಈ ವ್ಯವಸ್ಥೆಯನ್ನೇ. ಅರಸನು ಎಷ್ಟು ಪಡೆಯಬಹುದು ಎಂಬುದಕ್ಕೆ ಒಂದು ಗೊತ್ತಾದ ಅಳತೆಯಿರಬೇಕೆಂಬ ತತ್ವ ಅದರಲ್ಲಿತ್ತು. ಆ ಅಳತೆ ಮೀರಿದಾಗ ಏನಾಗುತ್ತದೆಂಬುದಕ್ಕೂ ಇದೇ ನೆಲ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯದ ಭಾರ ಮತ್ತು ಅಮಲ್ದಾರರ ಕಿರುಕುಳವನ್ನು ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ದಂಗೆ ಅಡಗಿಸಲ್ಪಟ್ಟಿತು. ಆದರೆ ಅದನ್ನೇ ಕಾರಣವಾಗಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಐವತ್ತು ವರ್ಷ ಆಳಿದರು. ಅಕೀನೋನ ದಂಗೆಗೂ ನಗರದ ದಂಗೆಗೂ ಮೂರು ವರ್ಷಗಳ ಅಂತರ ಮಾತ್ರ. ಎರಡರಲ್ಲಿಯೂ ರೈತನ ಮಾತನ್ನು ಕೇಳುವ ಸಭೆಯೊಂದು ಇರಲಿಲ್ಲ. ಆದುದರಿಂದ ಎರಡೂ ಶಸ್ತ್ರದಲ್ಲಿ ಕೊನೆಗೊಂಡವು.

1932 ಮತ್ತು 1951

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಚರಿತ್ರೆಗಳು ಬೇರೆಬೇರೆ ದಾರಿ ಹಿಡಿದವು.

1929ರ ಜಾಗತಿಕ ಆರ್ಥಿಕ ಕುಸಿತದಿಂದ ಕಾಫಿಯ ಬೆಲೆ ನೆಲಕಚ್ಚಿತು. ಎಲ್ ಸಾಲ್ವಡಾರಿನ ತೋಟಗಳಲ್ಲಿ ಕೂಲಿ ಇಳಿಯಿತು, ಹಸಿವು ಏರಿತು. 1931ರ ಡಿಸೆಂಬರಿನಲ್ಲಿ ಸೈನ್ಯವು ಚುನಾಯಿತ ಸರಕಾರವನ್ನು ಉರುಳಿಸಿತು. ಜನರಲ್ ಮ್ಯಾಕ್ಸಿಮಿಲಿಯಾನೋ ಹೆರ್ನಾಂಡೆಸ್ ಮಾರ್ಟಿನೆಸ್ ಅಧ್ಯಕ್ಷನಾದನು. 1932ರ ಜನವರಿಯಲ್ಲಿ ಪಶ್ಚಿಮದ ಇಸಾಲ್ಕೋ, ನಾವಿಸಾಲ್ಕೋ, ಹುವಾಯುವಾ ಮೊದಲಾದ ಊರುಗಳಲ್ಲಿ ರೈತರು ದಂಗೆಯೆದ್ದರು. ಕೆಲವೇ ದಿನಗಳಲ್ಲಿ ಅವರು ಸೋತರು. ಆದರೆ ಕೊಲೆಗಳು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ವಾರಗಳಲ್ಲಿ ಸೈನ್ಯವು ಕೊಂದವರ ಸಂಖ್ಯೆಯನ್ನು ಚರಿತ್ರಕಾರರು 10,000ದಿಂದ 30,000ದವರೆಗೆ ಅಂದಾಜು ಮಾಡುತ್ತಾರೆ. ಸ್ಪಾನಿಷ್ ಭಾಷೆಯಲ್ಲಿ ಅದಕ್ಕೆ ‘ಲಾ ಮಟಾನ್ಸಾ’, ಅರ್ಥಾತ್ ‘ಕಗ್ಗೊಲೆ’ ಎಂಬ ಹೆಸರೇ ನಿಂತಿದೆ. ದಂಗೆಯ ಪೂರ್ವಸಿದ್ಧತೆಯಲ್ಲಿದ್ದ ಫರಾಬುಂದೋ ಮಾರ್ತಿ ಫೆಬ್ರವರಿ 1ರಂದು ಗುಂಡಿಗೆ ಬಲಿಯಾದನು. ಇಸಾಲ್ಕೋದ ಮೂಲನಿವಾಸಿ ಮುಖ್ಯಸ್ಥ ಫೆಲಿಸಿಯಾನೋ ಆಮಾ ಎಂಬವನನ್ನು ನೇಣಿಗೇರಿಸಲಾಯಿತು. ಬದುಕುಳಿದವರು ತಮ್ಮ ಉಡುಪನ್ನೂ ನಾವಾತ್ ಭಾಷೆಯನ್ನೂ ಬಚ್ಚಿಟ್ಟರು. ತಾಯ್ನುಡಿಯನ್ನು ಆಡುವುದೇ ಅಪಾಯವೆಂದು ತಂದೆತಾಯಂದಿರು ಮಕ್ಕಳಿಗೆ ಅದನ್ನು ಕಲಿಸಲಿಲ್ಲ.

ಇದಾದ ಹತ್ತೊಂಬತ್ತು ವರ್ಷಗಳಿಗೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದದ್ದನ್ನು ಈಗ ನೆನೆಯಬೇಕು. ಅಲ್ಲಿ ಗೇಣಿದಾರರಲ್ಲಿ ಬಹುಪಾಲು ದೀವರು. ಒಡೆಯನ ಗದ್ದೆಯನ್ನು ಉತ್ತು ಬೆಳೆದು, ಗೇಣಿಯನ್ನು ಭತ್ತದ ರೂಪದಲ್ಲಿ ಅಳೆದು ಕೊಡುವುದು ಪದ್ಧತಿ. ಅಳೆಯುವ ಪಾತ್ರೆಯ ಹೆಸರು ಕೊಳಗ. ಗೇಣಿಯನ್ನು ಪಡೆಯುವಾಗ ಬಳಸುತ್ತಿದ್ದ ಕೊಳಗವು ರೂಢಿಯ ಅಳತೆಗಿಂತ ದೊಡ್ಡದೆಂಬುದು ಗೇಣಿದಾರರ ದೂರು. ಕೊಟ್ಟ ಗೇಣಿಗೆ ರಸೀದಿಯಿಲ್ಲ. ಇದರ ಮೇಲೆ ಒಡೆಯನ ಮನೆಯ ಬಿಟ್ಟಿ ಚಾಕರಿ. ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತಸಂಘದ ಮೂಲಕ ಗೇಣಿದಾರರು ಕೇಳಿದ್ದು ಸರಿಯಾದ ಕೊಳಗವನ್ನು, ರಸೀದಿಯನ್ನು, ಮನುಷ್ಯರಿಗೆ ಸಲ್ಲಬೇಕಾದ ಮರ್ಯಾದೆಯನ್ನು. ಒಡೆಯರು ಅವರನ್ನು ಗದ್ದೆಯಿಂದಲೇ ಹೊರಗಿಡಲು ಹೊರಟಾಗ, 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೂಡಲು ಗದ್ದೆಗಿಳಿದರು; ಬಂಧನಗಳು ನಡೆದವು. ಮರುದಿನ ಇನ್ನೊಂದು ತಂಡ ಇಳಿಯಿತು. ಹೀಗೆ ಸತ್ಯಾಗ್ರಹವು ವಾರಗಳ ಕಾಲ ಸಾಗಿತು. ಹೊಡೆತ, ಸೆರೆಮನೆ, ಒಕ್ಕಲೆಬ್ಬಿಸುವಿಕೆ ಎಲ್ಲವನ್ನೂ ಜನ ಅನುಭವಿಸಿದರು. ಸಮಾಜವಾದಿ ಪಕ್ಷ ಹೋರಾಟವನ್ನು ತನ್ನದಾಗಿಸಿಕೊಂಡಿತು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು. ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗ ಸೀಮೆಯ ಶಾಂತವೇರಿ ಗೋಪಾಲಗೌಡರು ಈ ಚಳವಳಿಯ ಮುಂಚೂಣಿಯಲ್ಲಿದ್ದರು.

ಏಕೆ ಬೇರೆಯಾಯಿತು?

ನಮ್ಮ ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಉತ್ತರವಾಗಿ, ನಮ್ಮ ಜನ ಸ್ವಭಾವತಃ ಸಾಧುಗಳು, ಅವರು ಉಗ್ರರು ಎಂದು ಹೇಳಿಬಿಡುವುದು ಸುಲಭ. ಅದು ಸತ್ಯವಲ್ಲ, ನಗರದ ದಂಗೆಯೇ ಅದಕ್ಕೆ ವಿರುದ್ಧವಾದ ಪ್ರಮಾಣ. ವ್ಯತ್ಯಾಸವಿದ್ದದ್ದು ಸಂಸ್ಥೆಗಳಲ್ಲಿ.

ಕಾಗೋಡಿನ ಸತ್ಯಾಗ್ರಹ ನಡೆದ ಮರುವರ್ಷವೇ, 1952ರಲ್ಲಿ, ವಯಸ್ಕ ಮತದಾನದ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು. ಗದ್ದೆಯಲ್ಲಿ ಸೋತ ಬೇಡಿಕೆಯೊಂದು ಮತಪೆಟ್ಟಿಗೆಯ ಮೂಲಕ ಶಾಸನಸಭೆಯನ್ನು ತಲುಪಿತು. ಅಲ್ಲಿಂದ ಕಾನೂನಾಗಲು ಇನ್ನೂ ಎರಡು ದಶಕಗಳು ಹಿಡಿದವು. 1961ರ ಭೂಸುಧಾರಣಾ ಕಾಯಿದೆ ಗೇಣಿಯನ್ನು ನಿಯಂತ್ರಿಸಿತಾದರೂ ಅನೇಕ ಸಂದುಗಳನ್ನು ಉಳಿಸಿತು. ಡಿ. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ತೊಡೆದುಹಾಕಿತು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಸಲ್ಲಿಸಿ ತಾನು ಉಳುತ್ತಿದ್ದ ನೆಲದ ಒಡೆಯನಾಗಬಹುದಾಗಿತ್ತು. ಗೋಪಾಲಗೌಡರು ಇದನ್ನು ಕಾಣಲಿಲ್ಲ. 1972ರಲ್ಲಿಯೇ ಅವರು ತೀರಿಕೊಂಡಿದ್ದರು. ನೆಬೋ ಬೆಟ್ಟದಿಂದ ವಾಗ್ದತ್ತ ನಾಡನ್ನು ದೂರದಿಂದ ನೋಡಿದ ಮೋಶೆಯ ನೆನಪು ಇಲ್ಲಿ ಸಹಜವಾಗಿ ಬರುತ್ತದೆ.

ಎಲ್ ಸಾಲ್ವಡಾರಿನಲ್ಲಿ ಈ ದಾರಿ ಮುಚ್ಚಿತ್ತು. 1931ರಿಂದ 1979ರವರೆಗೆ ಅಧಿಕಾರ ಬಹುತೇಕ ಸೈನ್ಯಾಧಿಕಾರಿಗಳ ಕೈಯಲ್ಲಿತ್ತು. ಚುನಾವಣೆ ನಡೆದರೂ ಫಲಿತಾಂಶ ಮೊದಲೇ ಗೊತ್ತಿರುತ್ತಿತ್ತು. ನೆಲವಿಲ್ಲದ ಲಕ್ಷಾಂತರ ಜನ ನೆರೆಯ ಹೊಂಡುರಾಸಿಗೆ ವಲಸೆ ಹೋದರು. ಅವರನ್ನು ಅಲ್ಲಿಂದ ಹೊರದಬ್ಬಿದ್ದು 1969ರ ಜುಲೈ ತಿಂಗಳ ಯುದ್ಧಕ್ಕೆ ಮುಖ್ಯ ಕಾರಣವಾಯಿತು. ಫುಟ್‌ಬಾಲ್ ಪಂದ್ಯಗಳ ಗಲಭೆಯ ಹೆಸರಿನಲ್ಲಿ ಜಗತ್ತು ನೆನಪಿಟ್ಟ ಆ ಯುದ್ಧದ ಬೇರು ನೆಲದಲ್ಲಿತ್ತು. 1976ರಲ್ಲಿ ಅಧ್ಯಕ್ಷ ಮೊಲಿನಾನ ಸರಕಾರವು ಒಂದು ಸೀಮಿತ ಭೂಪರಿವರ್ತನೆಯನ್ನು ಘೋಷಿಸಿತು. ಭೂಮಾಲೀಕರ ಪ್ರತಿಭಟನೆಗೆ ಮಣಿದು ಕೆಲವೇ ತಿಂಗಳುಗಳಲ್ಲಿ ಹಿಂದೆ ಸರಿಯಿತು. 1980ರ ಮಾರ್ಚ್ 6ರಂದು, ನಮ್ಮ ತಿದ್ದುಪಡಿ ಜಾರಿಗೆ ಬಂದು ಆರು ವರ್ಷವಾದಾಗ, ಅಲ್ಲಿಯ ಆಡಳಿತಮಂಡಳಿಯು 500 ಹೆಕ್ಟೇರಿಗಿಂತ ದೊಡ್ಡ ಜಮೀನುಗಳ ಸ್ವಾಧೀನವನ್ನು ಸಾರಿತು. ಅದೇ ಗಳಿಗೆಯಲ್ಲಿ ತುರ್ತುಪರಿಸ್ಥಿತಿಯನ್ನೂ ಹೇರಿತು. ಭೂಮಿ ಹಂಚಲು ಹೋದ ಸೈನ್ಯವೇ ರೈತಮುಖಂಡರನ್ನು ಕೊಂದ ಪ್ರಸಂಗಗಳು ನಡೆದವು. ಕಾಫಿ ತೋಟಗಳನ್ನು ಮುಟ್ಟಬೇಕಾಗಿದ್ದ ಎರಡನೆಯ ಹಂತ ಎಂದಿಗೂ ಜಾರಿಯಾಗಲಿಲ್ಲ. ಅನಂತರದ ಹನ್ನೆರಡು ವರ್ಷಗಳ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. 1992ರ ಜನವರಿ 16ರ ಶಾಂತಿ ಒಪ್ಪಂದದಿಂದ ಅದು ಮುಗಿಯಿತು.

ಕಾನೂನಿಗಾಗಿ ಕಾದ ಇಪ್ಪತ್ತಮೂರು ವರ್ಷಗಳು ಕಾಗೋಡಿನವರಿಗೆ ದೀರ್ಘವಾದವು. ಆದರೆ ಕಾಯಲು ಕಾರಣವಿತ್ತು. ಅಹಿಂಸೆಯನ್ನು ಆಯ್ದುಕೊಂಡವರ ಧೈರ್ಯಕ್ಕೆ ಮತದಾನವೆಂಬ ಆಸರೆಯಿತ್ತು. ಆ ಆಸರೆಯಿಲ್ಲದ ಕಡೆ ಜನರ ಸಹನೆಯನ್ನು ಅಳೆಯುವ ಹಕ್ಕು ನಮಗಿಲ್ಲ.

ಧರ್ಮಸಭೆಯ ನಿಲುವು

ಎಲ್ ಸಾಲ್ವಡಾರಿನ ಧರ್ಮಸಭೆ ಹುಟ್ಟಿನಿಂದಲೇ ಬಡವರ ಪಕ್ಷದಲ್ಲಿತ್ತೆಂಬುದು ತಪ್ಪು ಕಲ್ಪನೆ. ದೀರ್ಘಕಾಲ ಅದು ಒಡೆಯರ ಔತಣಗಳಲ್ಲಿ ಗೌರವದ ಅತಿಥಿಯಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು ಭೂಮಿಯ ಸಂಪತ್ತು ಸಕಲ ಮಾನವರಿಗಾಗಿ ಉದ್ದೇಶಿತವಾದುದೆಂದು ಬೋಧಿಸಿದ ಮೇಲೆ, 1968ರಲ್ಲಿ ಮೆಡೆಲಿನ್ ನಗರದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಬಡತನವನ್ನು ರಚನಾತ್ಮಕ ಅನ್ಯಾಯವೆಂದು ಗುರುತಿಸಿದ ಮೇಲೆ, ಕೆಲವರು ಕಲಿಯತೊಡಗಿದರು.

ಹಾಗೆ ಕಲಿತವರಲ್ಲಿ ಯೇಸುಸಭೆಯ ಗುರು ರುತೀಲಿಯೋ ಗ್ರಾಂದೆ ಒಬ್ಬರು. 1972ರಿಂದ ಅವರು ಕಬ್ಬಿನ ಗದ್ದೆಗಳ ನಡುವಿನ ಅಗಿಲಾರೆಸ್ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದರು. ರೈತರು ಸಣ್ಣ ಗುಂಪುಗಳಲ್ಲಿ ಕುಳಿತು ಶುಭಸಂದೇಶವನ್ನು ತಾವೇ ಓದಿ ಚರ್ಚಿಸುವಂತೆ ಮಾಡಿದರು. ಅಲ್ಲಿಗೆ ಸಮೀಪದ ಲೆಂಪಾ ನದಿಗೆ ಕಟ್ಟಿದ ಸೆರ್ರೋನ್ ಗ್ರಾಂದೆ ಜಲವಿದ್ಯುತ್ ಅಣೆಕಟ್ಟು 1976ರಲ್ಲಿ ತುಂಬಿತು. ಸಾವಿರಾರು ರೈತರ ನೆಲ ಮುಳುಗಿತು. ಶರಾವತಿಯ ಲಿಂಗನಮಕ್ಕಿಯನ್ನು ಬಲ್ಲ ನಮಗೆ ಈ ವಾಕ್ಯಕ್ಕೆ ವಿವರಣೆ ಬೇಕಿಲ್ಲ. ನೆಲ ಕಳೆದುಕೊಂಡವರ ಪ್ರತಿಭಟನೆಯೊಂದರಲ್ಲಿ ಆ ಡಿಸೆಂಬರಿನಲ್ಲಿ ಒಬ್ಬ ಭೂಮಾಲೀಕನು ಸತ್ತಾಗ, ಒಡೆಯರ ಸಂಘಗಳು ತಪ್ಪನ್ನು ಅಗಿಲಾರೆಸಿನ ಗುರುಗಳ ಮೇಲೆ ಹೊರಿಸಿದವು. 1977ರ ಮಾರ್ಚ್ 12ರಂದು, ಬಲಿಪೂಜೆ ಅರ್ಪಿಸಲು ಎಲ್ ಪೈಸ್ನಾಲಿಗೆ ಹೋಗುತ್ತಿದ್ದ ಗ್ರಾಂದೆ ಅವರನ್ನೂ, ಜೊತೆಗಿದ್ದ ವೃದ್ಧ ಮನುವೆಲ್ ಸೊಲೋರ್ಸಾನೋ ಮತ್ತು ಹದಿಹರೆಯದ ನೆಲ್ಸನ್ ಲೆಮುಸ್ ಅವರನ್ನೂ ದಾರಿಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ರೊಮೆರೋ ಮಹಾಧರ್ಮಾಧ್ಯಕ್ಷರಾಗಿ ಆಗ ಮೂರು ವಾರವೂ ಆಗಿರಲಿಲ್ಲ. ಸಂಪ್ರದಾಯನಿಷ್ಠರು, ಯಾರಿಗೂ ತೊಂದರೆ ಕೊಡದವರು ಎಂಬುದೇ ಅವರ ಖ್ಯಾತಿ. ಗೆಳೆಯ ಗ್ರಾಂದೆ ಅವರ ಶವದ ಮುಂದೆ ನಿಂತ ರಾತ್ರಿಯ ನಂತರ ಅವರು ಕೈಗೊಂಡ ನಿರ್ಧಾರಗಳು ಎರಡು: ಕೊಲೆಯ ತನಿಖೆಯಾಗುವವರೆಗೆ ಸರಕಾರಿ ಸಮಾರಂಭಗಳಿಗೆ ಹೋಗುವುದಿಲ್ಲ, ಮುಂದಿನ ಭಾನುವಾರ, ಮಾರ್ಚ್ 20ರಂದು, ಇಡೀ ಮಹಾಧರ್ಮಕ್ಷೇತ್ರದಲ್ಲಿ ಒಂದೇ ಬಲಿಪೂಜೆ. ಸಿರಿವಂತರೂ ಬಡವರೂ ಒಂದೇ ಪೀಠದ ಮುಂದೆ ನಿಲ್ಲಬೇಕಾಯಿತು. ಮೂರು ವರ್ಷಗಳ ಕಾಲ ಭಾನುವಾರದ ಪ್ರಬೋಧನೆಗಳಲ್ಲಿ ಅವರು ಆ ವಾರ ಸತ್ತವರ, ಕಾಣೆಯಾದವರ ಹೆಸರುಗಳನ್ನು ಓದಿದರು; ಬಾನುಲಿಯ ಮೂಲಕ ನಾಡೆಲ್ಲ ಕೇಳಿತು. 1980ರ ಮಾರ್ಚ್ 23ರಂದು ಸೈನಿಕರನ್ನು ಉದ್ದೇಶಿಸಿ, ಕೊಲ್ಲಬೇಕೆಂಬ ಆಜ್ಞೆಯನ್ನು ಪಾಲಿಸಬೇಡಿ, ದಮನವನ್ನು ನಿಲ್ಲಿಸಿ ಎಂದು ದೇವರ ಹೆಸರಿನಲ್ಲಿ ಆಜ್ಞಾಪಿಸಿದರು. ಮರುದಿನ ಸಂಜೆ ಆಸ್ಪತ್ರೆಯೊಂದರ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗ ಗುಂಡು ಅವರ ಎದೆಯನ್ನು ಹೊಕ್ಕಿತು. 2018ರ ಅಕ್ಟೋಬರ್ 14ರಂದು ವಿಶ್ವಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಗ್ರಾಂದೆ ಮತ್ತು ಅವರ ಇಬ್ಬರು ಸಂಗಡಿಗರನ್ನು 2022ರ ಜನವರಿ 22ರಂದು ಪುನೀತರ ಸಾಲಿಗೆ ಸೇರಿಸಲಾಯಿತು.

ನಾವು ಎಲ್ಲಿದ್ದೆವು?

ಎರಡನೆಯ ಪ್ರಶ್ನೆಗೆ ಈಗ ಬರಬೇಕು. ಕಾಗೋಡಿನ ನಾಯಕತ್ವ ರೈತಸಂಘದ್ದು ಮತ್ತು ಸಮಾಜವಾದಿಗಳದ್ದು, ಧರ್ಮಸಭೆಯದಲ್ಲ. 1951ರಲ್ಲಿ ಈ ಮೂರು ತಾಲ್ಲೂಕುಗಳ ಕ್ರೈಸ್ತರು ಅತಿ ಚಿಕ್ಕ ಸಮುದಾಯ. ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1963ರಲ್ಲಿ, ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ. ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುತ್ತಿದ್ದ ಬಡಕುಟುಂಬಗಳಿಗೆ ಇನ್ನೊಬ್ಬರ ಗದ್ದೆಯ ಜಗಳದಲ್ಲಿ ಬಾಯಿಹಾಕುವ ಬಲವಿರಲಿಲ್ಲ. ಆ ಹಿರಿಯರನ್ನು ಇಂದು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ಅನ್ಯಾಯ.

ಆದರೆ ಅವರಿಗಿದ್ದ ನೆಪ ನಮಗಿಲ್ಲ. ನಮಗೆ ಈಗ ಧರ್ಮಕ್ಷೇತ್ರವಿದೆ, ಶಾಲೆಗಳಿವೆ, ಗುರುಮಠಗಳಿವೆ. ಆದರೂ ದೂರದ ಸಂತನನ್ನು ಕೊಂಡಾಡುವಷ್ಟು ಸುಲಭವಾಗಿ ಹತ್ತಿರದ ಕೊಳಗವನ್ನು ನಾವು ನೋಡುವುದಿಲ್ಲ. ಸಾಗರದಲ್ಲಿಯೇ ಹುಟ್ಟಿ, ಶರಾವತಿ ಯೋಜನೆಯಲ್ಲಿ ನೌಕರರಾಗಿ ಮುಳುಗಡೆಯನ್ನು ಕಣ್ಣಾರೆ ಕಂಡು, ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದ ನಾ. ಡಿಸೋಜ ನಮ್ಮ ಸಮುದಾಯದವರೇ. ಧರ್ಮಪೀಠದಿಂದ ನಾವು ಆಡದ ಮಾತನ್ನು ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ ಕಾದಂಬರಿಯಲ್ಲಿ ಆಡಿದರು. 2025ರ ಜನವರಿಯಲ್ಲಿ ಅವರು ನಿಧನರಾದಾಗ ನಾವು ಅವರನ್ನು ಹೆಮ್ಮೆಯಿಂದ ಸ್ಮರಿಸಿದೆವು. ದೈವಶಾಸ್ತ್ರದ ಪಾಠಕ್ಕೆ ಮಾತ್ರ ಇನ್ನೂ ಅವರನ್ನು ಕರೆತಂದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ನುಂಗಿದ ಮೇಲೆ ಕಾಡಂಚಿಗೆ ಸರಿದ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಮುಗಿದಿಲ್ಲ. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟವರು ಅರಣ್ಯಭೂಮಿಯ ಒತ್ತುವರಿದಾರರೆಂದು ಕರೆಸಿಕೊಳ್ಳುತ್ತಿದ್ದಾರೆ.

ಶ್ರೀಗ್ರಂಥವು ಈ ವಿಷಯದಲ್ಲಿ ಮೌನವಾಗಿಲ್ಲ. ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ಬಗೆಯ ಅಳತೆಗಳನ್ನು ಇಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ನಿಷೇಧಿಸುತ್ತದೆ. ಅಳತೆಯನ್ನು ಕಿರಿದುಮಾಡಿ ಬಡವರನ್ನು ಕೊಳ್ಳುವವರನ್ನು ಪ್ರವಾದಿ ಆಮೋಸನು 8ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ನೆಲ ದೇವರದು, ನಾವು ಅದರಲ್ಲಿ ಪರದೇಶಿಗಳೂ ಒಕ್ಕಲುಗಳೂ ಎಂದು ಯಾಜಕಕಾಂಡದ 25ನೆಯ ಅಧ್ಯಾಯ ಸಾರುತ್ತದೆ. ದೇವರ ಗೇಣಿದಾರರಾದ ನಮಗೆ ಪರರ ಗೇಣಿದಾರರ ನೋವು ಪರಕೀಯವಾಗಬಾರದು. ಕಾಗೋಡಿನ ರೈತರು ಈ ವಚನಗಳನ್ನು ಓದಿರಲಿಲ್ಲ. ಆದರೆ ಸರಿಯಾದ ಕೊಳಗವನ್ನು ಕೇಳಿ ಅವರು ಗದ್ದೆಗಿಳಿದಾಗ ಆ ವಚನಗಳ ಪಕ್ಷದಲ್ಲಿ ನಿಂತಿದ್ದರು. ಪವಿತ್ರಾತ್ಮರು ಧರ್ಮಸಭೆಯ ಗಡಿಯಾಚೆಗೂ ಕಾರ್ಯನಿರತರೆಂದು ನಾವು ಬೋಧಿಸುವುದು ನಿಜವಾದರೆ, ಅದಕ್ಕೆ ಉದಾಹರಣೆಯಾಗಿ ಕಾಗೋಡನ್ನು ಹೆಸರಿಸಲು ಹಿಂಜರಿಯಬೇಕಾಗಿಲ್ಲ.

ಆ ವಿದ್ಯಾರ್ಥಿ ಈಗ ಗುರುಗಳಾಗಿದ್ದಾರೆ. ಅವರ ಪ್ರಶ್ನೆಯ ನಂತರ ನಾವು ಪಾಠದ ಕ್ರಮವನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇವೆ. ಲ್ಯಾಟಿನ್ ಅಮೆರಿಕಕ್ಕೆ ಹೋಗುವ ಮೊದಲು ಒಂದು ವಾರ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಭೂಚರಿತ್ರೆಯನ್ನು ಓದುತ್ತೇವೆ. ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮನೆಯ ನೆಲ ಹೇಗೆ ಬಂದಿತು, ಅಥವಾ ಹೇಗೆ ಹೋಯಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದು ತರಬೇಕು. ಕೆಲವರ ಬರಹದಲ್ಲಿ ಅಜ್ಜ ಗೇಣಿದಾರ, ಕೆಲವರದರಲ್ಲಿ ಒಡೆಯ, ಕೆಲವರದರಲ್ಲಿ ನೆಲವೇ ಇಲ್ಲದ ಕೂಲಿ. ಆ ಬರಹಗಳನ್ನು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ ರೊಮೆರೋ ಅವರ ಪಾಠ ತೊಡಗುತ್ತದೆ.